ನೀರು ಬಂದ ದಾರಿ

ಜನವರಿ ೬

ಅಪ್ಪಾ,

ಜೋಡಿ ಸ್ಟಾರ್ಟ್ ಆಯಿತು! ಮೊದಲು ಅದನ್ನು ಹೇಳಿಬಿಟ್ಟೆ, ಇನ್ನು ಕ್ಷೇಮಸಮಾಚಾರ. ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಹೇಗಿದೆ? ಸರಿ, ಮತ್ತೆ ಟ್ರ್ಯಾಕ್ಟರಿಗೆ ಬರುತ್ತೇನೆ.

ನೀನು ಶೆಡ್ಡಿಗೆ ಬೀಗ ಹಾಕಿ, ಸ್ಪ್ಯಾನರುಗಳನ್ನೆಲ್ಲ ಹಿಂದಿನ ಬೀದಿಯ ಲೇತ್ ಮಾವನಿಗೆ ಕೊಟ್ಟು, ಅತ್ತೆಯ ಮನೆಗೆ ಹೋದ ಮೇಲೆ ನಾನು ಆ ಕಡೆ ಹೆಜ್ಜೆ ಹಾಕಿದ್ದೇ ಕಡಿಮೆ. ಇವತ್ತು ಅಣ್ಣನೇ ಕೀಲಿ ತಂದು ಕೈಗಿಟ್ಟ. ಬಾಡಿಗೆಗೆ ಕುರ್ಚಿ ಮೇಜು ಕೊಡುವ ಒಬ್ಬರಿಗೆ ಶೆಡ್ಡು ಬೇಕಂತೆ. ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡಿಕೊಡುವುದಾಗಿ ಮಾತು ಕೊಟ್ಟಿದ್ದಾನೆ. "ನಿನ್ನ ಪುಸ್ತಕದ ಪೆಟ್ಟಿಗೆ ಏನಾದ್ರೂ ಅಲ್ಲಿದ್ರೆ ತೆಗೆದುಕೊ. ಗಾಡಿನ ಗುಜರಿಯವನು ಬಂದು ಎತ್ಕೊಂಡು ಹೋಗ್ತಾನೆ" ಅಂದ.

"ಅಪ್ಪನ್ನ ಕೇಳಿದ್ಯಾ?"

"ಕಾಗದ ಬರೆದಿದ್ದೆ. ನಿನ್ನಿಷ್ಟ ಅಂತ ಒಂದೇ ಒಂದು ಪದ ಬರೆದು ಕಳಿಸಿದ್ರು."

ಮುರಿದುಬಿದ್ದ ಎರಡು ಗಾಡಿಗಳಿಂದ ನೀನು ಒಂದು ಗಾಡಿ ಕಟ್ಟಿ, ಅದಕ್ಕೆ ಜೋಡಿ ಅಂತ ಹೆಸರಿಟ್ಟದ್ದನ್ನು ಕಣ್ಣಾರೆ ನೋಡಿದವಳು ನಾನು. ಗುಜರಿಯವನು ಅದನ್ನು ಇನ್ನೂರು ಚೂರು ಮಾಡುವ ಮೊದಲು ಒಂದು ಸಲ ಅದರ ದನಿ ಕೇಳಬೇಕು ಅನ್ನಿಸಿತು. ಲೇತ್ ಮಾವನಿಂದ ಬ್ಯಾಟರಿ ಎರವಲು ತಂದೆ. ಡೀಸೆಲ್ ಹಾಕಿ, ಕೊಳವೆಯ ಗಾಳಿ ತೆಗೆದು, ಕೀಲಿ ತಿರುಗಿಸಿದೆ. ಮೊದಲು ಮುನಿಸಿಕೊಂಡವರ ಗೊಣಗು. ಆಮೇಲೆ ಡಗ್... ಡಗ್... ಡಗ್ಡಗ್ಡಗ್! ಸೂರಿನ ಗುಬ್ಬಿಗಳೆಲ್ಲ ಒಟ್ಟಿಗೆ ಹಾರಿ ಹೊರಗೆ ಹೋದವು. ನಾನು ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ, ನಾಚಿಕೆಯಿಲ್ಲದೆ.

ಸಂಭ್ರಮ ಇಳಿದ ಮೇಲೆ ನೀನು ಹೇಳಿಕೊಟ್ಟದ್ದು ನೆನಪಾಯಿತು: ಸ್ಟಾರ್ಟ್ ಮಾಡುವ ಮೊದಲು ಎಣ್ಣೆ ನೋಡಬೇಕು. ಆಮೇಲೆ ನೋಡಿದೆ. ಎಣ್ಣೆ ಅಳೆಯುವ ಕಡ್ಡಿ ಎಳೆದರೆ ತುದಿಯಲ್ಲಿ ಹಾಲು ಹೆಚ್ಚಾದ ಕಾಫಿ! ಮಟ್ಟವೂ ಮೇಲಿನ ಗೀಟು ದಾಟಿದೆ. ರೇಡಿಯೇಟರಿನಲ್ಲಿ ನೀನು ತುಂಬಿದ್ದ ಹಸಿರು ಕೂಲಂಟ್ ಬೆರಳಿಗೆ ಸಿಗದಷ್ಟು ಕೆಳಗಿಳಿದಿದೆ. ಹಸಿರು ನೀರು ಎಣ್ಣೆಗೆ ಸೇರಿದೆ, ಅಷ್ಟು ನನಗೂ ಗೊತ್ತಾಯಿತು. ಯಾವ ದಾರಿಯಿಂದ ಸೇರಿತು?

ಅಣ್ಣ ಕಡ್ಡಿ ನೋಡಿ "ಬ್ಲಾಕ್ ಸೀಳಿದೆ, ಕಥೆ ಮುಗೀತು" ಅಂದ.

"ನೀನ್ಯಾವಾಗ ಮೆಕ್ಯಾನಿಕ್ ಆದೆ?"

"ಮೆಕ್ಯಾನಿಕ್ ಮಗ ಅಲ್ವೇನೇ?"

"ನಾನೇನು ಪಕ್ಕದ ಮನೆಯವರ ಮಗಳಾ?"

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಇಂಜಿನ್ನಿನ ಒಡಲಾದ ಬ್ಲಾಕೇ ಹೋಗಿದ್ದರೆ ಗಾಡಿ ಗುಜರಿಗೆ, ನಾನು ತುಟಿ ಬಿಚ್ಚುವುದಿಲ್ಲ. ಬೇರೆ ಏನಾದರೂ ಆಗಿದ್ದು, ಫೆಬ್ರವರಿ ಮುಗಿಯುವುದರೊಳಗೆ ಸರಿಹೋದರೆ ಆ ಬಾಡಿಗೆ ಕುರ್ಚಿಗಳಿಗೆ ಅಣ್ಣನೇ ಬೇರೆ ಜಾಗ ಹುಡುಕಿಕೊಡುತ್ತಾನೆ, ಜೋಡಿ ತನ್ನ ಜಾಗದಲ್ಲೇ ಇರುತ್ತದೆ.

ನಿನ್ನ ಕಿವಿ ಮೊದಲಿನ ಹಾಗಿದ್ದರೆ ಫೋನು ಮಾಡಿ ರಿಸೀವರನ್ನು ಇಂಜಿನ್ನಿನ ಪಕ್ಕ ಹಿಡಿದುಬಿಡುತ್ತಿದ್ದೆ. ಈಗ ಬರೆಯುವುದೊಂದೇ ದಾರಿ. ಏನು ನೋಡಬೇಕು, ಹೇಳು. ಬೇಗ.

ನಿನ್ನ ಗೋಲಿ


ಜನವರಿ ೧೩

ಗೋಲಿ,

ಇಂಜಿನ್ ಆರಿಸಿದೆಯೋ ಇಲ್ಲವೋ? ನಾಲ್ಕು ಪುಟ ಬರೆದಿದ್ದೀಯ, ಆರಿಸಿದೆ ಅಂತ ಎಲ್ಲೂ ಇಲ್ಲ. ಎರಡು ಸಲ ಹುಡುಕಿದೆ.

ಆ ಗಾಡಿ ನಿನ್ನಣ್ಣನಿಗೆ ಬಿಟ್ಟದ್ದು. ನನಗೆ ಅದರ ಆಸೆ ಇಲ್ಲ. ಕಿವಿ ಹೋದವನಿಗೆ ಇಂಜಿನ್ ಕಟ್ಟಿಕೊಂಡು ಏನಾಗಬೇಕು? ಕೇಳಿದ್ದೀಯ ಅಂತ ಹೇಳುತ್ತೇನೆ, ಅಷ್ಟೆ.

ಮತ್ತೆ ಸ್ಟಾರ್ಟ್ ಮಾಡಬೇಡ. ನೀರು ಬೆರೆತ ಎಣ್ಣೆ ಬೇರಿಂಗಿಗೆ ಹಿಡಿಯುವುದಿಲ್ಲ. ಬೇರಿಂಗ್ ಕಚ್ಚಿಕೊಂಡರೆ ಆಮೇಲೆ ಹುಡುಕುವ ಕೆಲಸವೇ ಇರುವುದಿಲ್ಲ. ಎರಡು ದಿನ ಮುಟ್ಟದೆ ಬಿಡು. ನೀರು ಎಣ್ಣೆಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ಆಮೇಲೆ ತಳದ ಬೋಲ್ಟನ್ನು ನಿಧಾನಕ್ಕೆ ಸಡಿಲಿಸು, ಪೂರ್ತಿ ಬಿಚ್ಚಬೇಡ. ಮೊದಲು ಏನು ಬರುತ್ತದೆ, ಯಾವ ಬಣ್ಣ, ಎಷ್ಟು ಹೊತ್ತು, ನೋಡು. ರೇಡಿಯೇಟರಿನ ನೀರಿನ ಮೇಲೆ ಎಣ್ಣೆಯ ಪೊರೆ ಇದೆಯಾ? ಇಂಜಿನ್ ಓಡುವಾಗ ಅಲ್ಲಿ ಗುಳ್ಳೆ ಎದ್ದಿತ್ತಾ? ಹೊಗೆ ಬಿಳಿಯಾಗಿತ್ತಾ? ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಸುಟ್ಟಿದ್ದರೆ ಇವುಗಳಲ್ಲಿ ಒಂದಾದರೂ ಕಾಣಬೇಕು.

ಇನ್ನು ಸದ್ದು. "ಡಗ್ಡಗ್ಡಗ್" ಅಂತ ಎಲ್ಲ ಇಂಜಿನ್ನೂ ಅನ್ನುತ್ತದೆ. ಪ್ರೆಸ್ಸಿನಲ್ಲಿ ಕೂತು ಇಷ್ಟು ವರ್ಷದಿಂದ ಊರವರ ಅಕ್ಷರ ತಿದ್ದುತ್ತೀಯ, ನಿನಗೆ ಒಂದು ಸದ್ದು ಸರಿಯಾಗಿ ಬರೆಯಲು ಬರುವುದಿಲ್ಲವಾ?

ಅತ್ತೆಯ ಮಂಡಿ ಹಾಗೇ ಇದೆ.

ಅಪ್ಪ


ಜನವರಿ ೧೯

ಅಪ್ಪಾ,

ಇಂಜಿನ್ ಆರಿಸಿದ್ದೇನೆ! ಕಡ್ಡಿ ನೋಡಿದ ಕೂಡಲೇ ಆರಿಸಿದೆ. ಬೈದದ್ದು ಚೆನ್ನಾಗಿತ್ತು. ಎಷ್ಟೋ ತಿಂಗಳ ಮೇಲೆ ನಿನ್ನ ಕೈಲಿ ಬೈಸಿಕೊಂಡೆ, ಕಾಗದವನ್ನು ಲೇತ್ ಮಾವನಿಗೂ ಓದಿ ಹೇಳಿದೆ. ಅವರು ಯಂತ್ರ ನಿಲ್ಲಿಸಿ ಪೂರ್ತಿ ಕೇಳಿ, "ಹ್ಞಾ, ಮನುಷ್ಯ ಇನ್ನೂ ಇದ್ದಾನೆ" ಅಂದರು.

ಈಗ ವರದಿ. ನೀನು ಹೇಳಿದ ಹಾಗೆ ಅಲುಗಾಡಿಸದೆ ಬಿಟ್ಟು, ಇವತ್ತು ಬೆಳಿಗ್ಗೆ ಕೆಳಗೆ ಬೇಸಿನ್ ಇಟ್ಟು ಬೋಲ್ಟನ್ನು ಸ್ವಲ್ಪವೇ ತಿರುಗಿಸಿದೆ. ಏನೂ ಇಲ್ಲ. ಇನ್ನೊಂದು ಕೂದಲೆಳೆ. ಆಗ ಬಂತು, ಹಸಿರು! ತೆಳ್ಳಗೆ, ಚುರುಕಾಗಿ, ತುಂತುರು ತುಂತುರಾಗಿ ಹಸಿರು ನೀರು. ಸುಮಾರು ಎರಡು ಲೋಟದಷ್ಟು ಇಳಿದ ಮೇಲೆ ಧಾರೆ ದಪ್ಪವಾಗಿ, ಸದ್ದಿಲ್ಲದೆ, ಮಣ್ಣುಬಣ್ಣದ ಎಣ್ಣೆ ಬರತೊಡಗಿತು. ಕಣ್ಣು ಮುಚ್ಚಿದ್ದರೂ ಯಾವಾಗ ನೀರು ಮುಗಿದು ಎಣ್ಣೆ ಶುರುವಾಯಿತು ಎಂದು ಹೇಳಬಹುದಿತ್ತು: ನೀರು ಬೇಸಿನ್ನಿನೊಡನೆ ಹರಟೆ ಹೊಡೆಯುತ್ತದೆ, ಎಣ್ಣೆ ಬಂದು ಸುಮ್ಮನೆ ಕೂರುತ್ತದೆ.

ರೇಡಿಯೇಟರಿನಲ್ಲಿ ಉಳಿದ ನೀರು ತಿಳಿಯಾಗಿದೆ, ಪೊರೆ ಇಲ್ಲ. ಗುಳ್ಳೆ ನೋಡಿದ ನೆನಪಿಲ್ಲ. ಹೊಗೆ ಮೊದಲು ಕಪ್ಪು, ಆಮೇಲೆ ತೆಳು ಬೂದಿ.

ಸದ್ದು ಬರೆಯುತ್ತೇನೆ, ಸರಿಯಿಲ್ಲದಿದ್ದರೆ ಹರಿದುಹಾಕು. ಮರದ ಮೆಟ್ಟಿಲನ್ನು ಹೊಸ ಚಪ್ಪಲಿ ಹಾಕಿಕೊಂಡವರು ಇಳಿಯುವ ಸದ್ದು. ಒಂದೇ ಅಳತೆ, ಒಂದೇ ಭಾರ, ಯಾವ ಮೆಟ್ಟಿಲಲ್ಲೂ ಕಾಲು ತಡವರಿಸಲಿಲ್ಲ. ಅದರ ಹಿಂದೆ ಸಣ್ಣಗೆ, ಸೌಟಿನಿಂದ ತಟ್ಟೆಯ ಅಂಚು ತಟ್ಟಿದ ಹಾಗೆ ಟಿಕ್ ಟಿಕ್ ಟಿಕ್. ನೀನು ಇದನ್ನು "ಮೇಲಿನ ಮನೆಯವರ ಅಡುಗೆ" ಅನ್ನುತ್ತಿದ್ದೆ, ನೆನಪಿದೆ. ವಾಲ್ವಿನದು, ಹೆದರಬೇಕಾಗಿಲ್ಲ. ಅಲ್ವಾ?

ಈಗೇನು ಮಾಡಲಿ? ಕೈ ತುರಿಸುತ್ತಿದೆ.

ಗೋಲಿ


ಜನವರಿ ೨೬

ಗೋಲಿ,

ಸದ್ದು ಗೊತ್ತಾಯಿತು. ಬೇರಿಂಗ್ ಚೆನ್ನಾಗಿದೆ. ಮೇಲಿನ ಮನೆಯವರ ಅಡುಗೆ ಮೊದಲಿನಿಂದಲೂ ಹಾಗೇ. ಕಾಗದ ಓದುತ್ತಾ ಓದುತ್ತಾ, ಏನು ಹೇಳಲಿ, ಗೊತ್ತಾಯಿತು, ಅಷ್ಟೆ.

ಗ್ಯಾಸ್ಕೆಟ್ ಅಲ್ಲ ಅಂತ ನನ್ನ ಅಂದಾಜು. ಗಾಡಿ ಸುಮ್ಮನೆ ನಿಂತಾಗಲೇ ನೀರು ಇಳಿದಿದೆ. ಈ ಇಂಜಿನ್ನಿನಲ್ಲಿ ಪಿಸ್ಟನ್ ಓಡಾಡುವ ಕೊಳವೆ, ಲೈನರ್, ಇದೆಯಲ್ಲ, ಅದರ ಹೊರಮೈಗೆ ನೇರವಾಗಿ ನೀರು ತಾಗಿರುತ್ತದೆ. ಬುಡದಲ್ಲಿ ರಬ್ಬರ್ ರಿಂಗು. ರಿಂಗಿನ ಆಚೆ ಎಣ್ಣೆ. ರಬ್ಬರು ಒಣಗಿದರೆ ನೀರಿಗೆ ಬಾಗಿಲು ತೆರೆದ ಹಾಗೆ.

ತಳದ ಎಣ್ಣೆ ತೊಟ್ಟಿ ಬಿಚ್ಚು. ಒಬ್ಬಳೇ ಬಿಚ್ಚಬೇಡ, ಲೇತಿನವನನ್ನು ಕರೆ, ಅದು ಮುಖದ ಮೇಲೆ ಬಂದೀತು. ರೇಡಿಯೇಟರಿಗೆ ನೀರು ತುಂಬು, ಕೂಲಂಟ್ ಬಣ್ಣ ಹಾಕು. ಹಳೆಯ ಮುಚ್ಚಳಕ್ಕೆ ತೂತು ಹಾಕಿ ಸೈಕಲ್ ಟ್ಯೂಬಿನ ವಾಲ್ವ್ ಬೆಸೆದುಕೊಡಲು ಅವನಿಗೆ ಹೇಳು. ಸೈಕಲ್ ಪಂಪಿನಿಂದ ಗಾಳಿ ಒತ್ತು. ಸ್ವಲ್ಪವೇ. ಬಲ ತೋರಿಸಲು ಹೋದರೆ ರೇಡಿಯೇಟರ್ ಹರಿದೀತು. ಕೆಳಗೆ ಕಾಗದ ಹಾಸಿ ಕಾಯಿ. ಹನಿ ಎಲ್ಲಿ ಬೀಳುತ್ತದೋ ಅಲ್ಲಿ ರೋಗ. ಲೈನರುಗಳನ್ನು ಮುಂದಿನಿಂದ, ಅಂದರೆ ರೇಡಿಯೇಟರ್ ಕಡೆಯಿಂದ, ಒಂದು ಎರಡು ಮೂರು ನಾಲ್ಕು ಅಂತ ಎಣಿಸು. ಚಿತ್ರ ಹಾಕಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದು, ಎರಡು, ಮೂರರಿಂದ ಬಿದ್ದರೆ ರಬ್ಬರ್ ಬದಲಿಸಿದರೆ ಆಯಿತು. ನಾಲ್ಕನೆಯದರ ಕೆಳಗೆ ಬಿದ್ದರೆ ಬೇಡ. ಅಲ್ಲಿ ಲೈನರ್ ಕೂರುವ ಅಂಚು ಬ್ಲಾಕಿನಲ್ಲೇ ಸವೆದಿತ್ತು, ಕಟ್ಟುವಾಗಲೇ ನೋಡಿದ್ದೆ. ಆಗ ಕೂತಿತು, ಇನ್ನೊಮ್ಮೆ ಕೂರುವುದಿಲ್ಲ. ನಾಲ್ಕು ಅಂದರೆ ಬ್ಲಾಕ್ ಹೋಯಿತು ಅಂತಲೇ ಲೆಕ್ಕ.

ಅಪ್ಪ

ಗೋಲಿ, ಇದು ಅತ್ತೆ. ನಿಮ್ಮಪ್ಪ ಚಿತ್ರ ಬರೆಯೋಕೆ ಗೋಡೆ ಮೇಲಿನ ಕ್ಯಾಲೆಂಡರ್ ಹಾಳೆನೇ ಹರಿದಿದ್ದಾನೆ. ತಿಂಗಳು ಇನ್ನೂ ಮುಗಿದಿಲ್ಲ, ಇವತ್ತು ತಾರೀಖು ಎಷ್ಟು ಅಂತ ಪಕ್ಕದ ಮನೆಯವರನ್ನ ಕೇಳ್ಬೇಕಾಗಿದೆ. ಆದರೂ ನೀನು ಬರೀತಾ ಇರು ಕಣೇ. ಇಲ್ಲಿಗೆ ಬಂದಾಗಿನಿಂದ ಕಿಟಕಿ ಪಕ್ಕ ಗೊಂಬೆ ಥರ ಕೂತಿದ್ದ. ಈಗ ದಿನಾ ಬಾಗಿಲಿಗೆ ಹೋಗಿ ಅಂಚೆಯವನು ಬಂದ್ನಾ ಅಂತ ನೋಡ್ತಾನೆ.


ಫೆಬ್ರವರಿ ೪

ಅಪ್ಪಾ,

ತೊಟ್ಟಿ ಬಿಚ್ಚಿದೆವು. ಲೇತ್ ಮಾವ ನಿನ್ನ ಸ್ಪ್ಯಾನರ್ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದರು. ಎಲ್ಲಕ್ಕೂ ಎಣ್ಣೆ ಸವರಿ, ಬಟ್ಟೆ ಸುತ್ತಿ ಇಟ್ಟಿದ್ದಾರೆ, ಒಂದನ್ನೂ ಬಳಸಿದಂತಿಲ್ಲ. ಕೆಲಸ ಮಾಡುತ್ತಾ ಅವರು, "ನಿಮ್ಮಪ್ಪ ಪಕ್ಕದಲ್ಲಿ ನಿಂತು ಬೈತಾ ಇದ್ರೆ ಬೋಲ್ಟುಗಳು ತಾವಾಗೇ ಸಡಿಲ ಆಗ್ತಿದ್ವು" ಅಂದರು.

ತೊಟ್ಟಿಯ ತಳದಲ್ಲಿ ಕೆಸರು, ಮೊಸರಿನ ಹಾಗೆ. ಅದನ್ನೆಲ್ಲ ಬಳಿದು, ಇಂಜಿನ್ನಿನ ಹೊಟ್ಟೆಯನ್ನು ಡೀಸೆಲ್ಲಿನಲ್ಲಿ ತೊಳೆದು, ಬಟ್ಟೆಯಿಂದ ಒಣಗಿಸಿದೆವು. ಕೆಳಗೆ ಹಾಸಲು ಪ್ರೆಸ್ಸಿನಿಂದ ತಿದ್ದಿ ಮುಗಿದ ಪ್ರೂಫಿನ ಹಾಳೆಗಳನ್ನು ತಂದಿದ್ದೆ, ಒಂದು ಕವನ ಸಂಕಲನದ್ದು. ಪ್ರತಿ ಲೈನರಿನ ಕೆಳಗೆ ಒಂದೊಂದು ಕವನ ಬಂತು. ಮೇಲೆ ಒಂದರಿಂದ ನಾಲ್ಕರ ತನಕ ದೊಡ್ಡದಾಗಿ ಅಂಕಿ ಬರೆದೆ.

ಪಂಪು ಒತ್ತಿದೆ. ಇಬ್ಬರೂ ನೆಲದ ಮೇಲೆ ಮಲಗಿ ಟಾರ್ಚು ಹಿಡಿದು ಕಾದೆವು. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹೀಗೆ ಕಾದವಳಲ್ಲ. ಒಂದು ಒಣ. ಎರಡು ಒಣ. ಮೂರು ಒಣ. "ಇನ್ನೊಂದಿಷ್ಟು ಒತ್ತು" ಅಂದರು ಮಾವ. ಒತ್ತಿದೆ.

ನಾಲ್ಕನೆಯ ಹಾಳೆಯ ಮೇಲೆ ಹಸಿರು ಹನಿ ಬಿತ್ತು. ಆಮೇಲೆ ಇನ್ನೊಂದು. ಒಂದು ಸಾಲಿನ ಕೊನೆಯ ಪದ ಅಳಿಸಿಹೋಯಿತು.

ಕನ್ನಡಿ ಹಿಡಿದು ನೋಡಿದೆ. ನಾಲ್ಕನೆಯ ಲೈನರಿನ ಬುಡದಲ್ಲಿ, ವಾಲ್ವ್ ಎತ್ತುವ ಕ್ಯಾಮ್ ಶಾಫ್ಟಿನ ಕಡೆಗೆ, ಒಂದೇ ಮಗ್ಗುಲು ಒದ್ದೆಯಾಗಿದೆ. ಮತ್ತೆಲ್ಲ ಒಣಗಿದೆ.

ಅಣ್ಣನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಬರೆಯುತ್ತಿದ್ದೇನೆ.

ಗೋಲಿ


ಫೆಬ್ರವರಿ ೯

ಗೋಲಿ,

ನಾಲ್ಕು ಅಂದಮೇಲೆ ಬ್ಲಾಕ್. ಅಣ್ಣನಿಗೆ ಹೇಳು. ಒಪ್ಪಂದ ಅಂದರೆ ಒಪ್ಪಂದ.

ನೀನು ಕೆಲಸ ಚೊಕ್ಕವಾಗಿ ಮಾಡಿದೆ. ಗುಜರಿಯವನು ಬರುವ ದಿನ ಶೆಡ್ಡಿನ ಕಡೆ ಹೋಗಬೇಡ, ಪ್ರೆಸ್ಸಿಗೆ ಹೋಗು.

ಇನ್ನು ಕಾಗದಕ್ಕೆ ಅವಸರವಿಲ್ಲ, ಬಿಡುವಾದಾಗ ಬರಿ.

ಅಪ್ಪ


ಫೆಬ್ರವರಿ ೧೬

ಅಪ್ಪಾ ಅಪ್ಪಾ ಅಪ್ಪಾ,

ಕೂತಿದ್ದೀಯಾ? ಕೂತುಕೋ. ಅತ್ತೆಯನ್ನೂ ಕರೆ.

ನಿನ್ನ ಕಾಗದ ಬಂದ ಮೇಲೆ ಅಣ್ಣನಿಗೆ ಹೇಳಿದೆ. ಅವನು ಗೆದ್ದವನ ಹಾಗೆ ಕುಣಿಯಲಿಲ್ಲ, "ಸರಿ ಬಿಡು" ಅಂದು ಊಟ ಅರ್ಧಕ್ಕೆ ಬಿಟ್ಟು ಎದ್ದ. ಇವತ್ತು ಬೆಳಿಗ್ಗೆ ನಾನು ಶೆಡ್ಡಿಗೆ ಹೋದದ್ದು ಗಾಡಿಗಾಗಿ ಅಲ್ಲ. ಗೂಡಿನಲ್ಲಿದ್ದ ನಿನ್ನ ಡಬ್ಬಿಗಳನ್ನು ತೆಗೆದಿಡೋಣ ಅಂತ. ಮೊಳೆ ಡಬ್ಬಿ ಎತ್ತಿದರೆ ತಳ ತುಕ್ಕು ತಿಂದು ಕಳಚಿತು, ಎಲ್ಲ ಚೆಲ್ಲಾಪಿಲ್ಲಿ. ಮೊಳೆಗಳ ನಡುವೆ ಒಂದು ಬೇರಿಂಗ್ ಗುಂಡು! ನಾನು ಚಿಕ್ಕವಳಿದ್ದಾಗ ನೀನು ಹಳೆಯ ಬೇರಿಂಗ್ ಒಡೆದು ಆಡಲು ಕೊಡುತ್ತಿದ್ದೆಯಲ್ಲ, ಅದೇ. ನನಗೆ ಈ ಹೆಸರು ಬಂದದ್ದೇ ಅದರಿಂದಲ್ಲವಾ? ಹೆಕ್ಕೋಣ ಅಂತ ಬಗ್ಗಿದೆ. ಅದು ನಿಲ್ಲಲಿಲ್ಲ. ಗುರ್ರ್ ಅಂತ ಗಾಡಿಯ ಅಡಿಯಲ್ಲಿ, ಮುಂದಿನ ಚಕ್ರದ ಕಡೆಯಿಂದ ಹಿಂದಿನ ಚಕ್ರದ ಕಡೆಗೆ, ನೇರವಾಗಿ ಉರುಳಿಕೊಂಡು ಹೋಗಿ ಬಾಗಿಲ ಬಳಿಯ ಮೋರಿಗೆ ಬಿತ್ತು. ನನ್ನ ಬಾಲ್ಯದ ಎಲ್ಲ ಗೋಲಿಗಳೂ ಹಾಗೇ ಹೋದದ್ದು. ನಾನು ಅಳುತ್ತಿದ್ದೆ, ನೀನು ಮೋರಿಗೆ ಕೈ ಹಾಕಿ ತೆಗೆದುಕೊಡುತ್ತಿದ್ದೆ.

ಬಗ್ಗಿದವಳು ಹಾಗೇ ಕುಕ್ಕರಿಸಿದೆ. ಅಪ್ಪಾ, ಶೆಡ್ಡಿನ ನೆಲ ಇಳಿಜಾರು!

ಪ್ರೂಫ್ ನೋಡುವವರಿಗೆ ಗೊತ್ತಿರುವ ಒಂದು ಸಂಗತಿ ಇದೆ. ಬರೆದವರ ಕೈಗೆ ಪ್ರೂಫ್ ಕೊಡಬಾರದು. ಅವರ ಕಣ್ಣು ಹಾಳೆಯ ಮೇಲೆ ಇರುವುದನ್ನು ಓದುವುದಿಲ್ಲ, ತಲೆಯಲ್ಲಿ ಇರುವುದನ್ನು ಓದುತ್ತದೆ. ಆ ನೆಲ ಮಾಡಿದವನು ನೀನು, ಅದರ ಮೇಲೆ ಆಡಿ ಬೆಳೆದವಳು ನಾನು. ಹೊಸಬರು ಯಾರಾದರೂ ಕಾಲಿಟ್ಟಿದ್ದರೆ ಮೊದಲ ಹೆಜ್ಜೆಗೇ ಗೊತ್ತಾಗುತ್ತಿತ್ತು. ಜೋಡಿ ಮೂತಿ ಒಳಗೆ ಮಾಡಿ, ಮೂಗು ಎತ್ತಿಕೊಂಡು ನಿಂತಿದೆ. ನೀರು ಮುಂದೆ ಎಲ್ಲೋ ಸೋರಿ, ಒಳಗೊಳಗೇ ಹಿಂದಕ್ಕೆ ಹರಿದು, ನಾಲ್ಕರ ಕೆಳಗೆ ಬೀಳುತ್ತಿರಬಹುದಲ್ಲವಾ? ರಬ್ಬರು ಹೋಗಿದ್ದರೆ ಲೈನರಿನ ಒಂದೇ ಮಗ್ಗುಲು ಯಾಕೆ ಒದ್ದೆಯಾಗಬೇಕು?

ನೋಡುವುದು ಹೇಗೆ? ಗಾಡಿಯನ್ನು ತಿರುಗಿಸಿ ನಿಲ್ಲಿಸಬೇಕು. ತಿರುಗಿಸುವವರು ಯಾರು? ಅದೇ ಹೊತ್ತಿಗೆ ದೇವರು ಕಳಿಸಿದ ಹಾಗೆ ಕುರ್ಚಿಯವರ ಲಾರಿ ಬಂತು. ಹೇಳಿದ್ದಕ್ಕಿಂತ ಮೊದಲೇ! ಹಮಾಲಿಗಳು ಇಳಿದರು. ಅಣ್ಣ ಓಡಿಬಂದ. "ಗಾಡಿ ಮೊದಲು ಹೊರಗೆ ಹೋಗ್ಲಿ" ಅಂದೆ ನಾನು, ಬಹಳ ಒಳ್ಳೆಯವಳ ಹಾಗೆ. ಅಣ್ಣ ಎಂಥ ಹುಮ್ಮಸ್ಸಿನಲ್ಲಿ ತಳ್ಳಿದ ಗೊತ್ತಾ? "ಐಸಾ! ಇನ್ನೂ ಜೋರು!" ಗಾಡಿ ಅಂಗಳಕ್ಕೆ ಬಂತು. ನಾನು ಸ್ಟೇರಿಂಗ್ ಪೂರ್ತಿ ತಿರುಗಿಸಿದೆ.

"ಈಗ ಹಿಂದಿನ ಚಕ್ರ ಮೊದಲು ಹೋಗೋ ಹಾಗೆ ಒಳಗೆ ತಳ್ಳಿ" ಅಂದೆ.

"ಏನು?"

"ಒಳಗೆ. ವಾಪಸ್ಸು. ಹಿಮ್ಮುಖ."

"ತಲೆ ಕೆಟ್ಟಿದೆಯೇನೇ ನಿಂಗೆ? ಈಗ ತಾನೇ ಹೊರಗೆ ಬಂತು!"

"ಫೆಬ್ರವರಿ ಇನ್ನೂ ಇದೆ ಅಣ್ಣಾ. ಒಪ್ಪಂದ ಅಂದ್ರೆ ಒಪ್ಪಂದ."

ಹಮಾಲಿಗಳು ಬಿದ್ದು ಬಿದ್ದು ನಕ್ಕರು. ಅವರಲ್ಲಿ ಹಿರಿಯ ಅಣ್ಣನ ಬೆನ್ನು ತಟ್ಟಿ, "ತಳ್ಳಿ ಸ್ವಾಮಿ, ಮನೇಲಿ ಅಕ್ಕತಂಗೀರ ಜೊತೆ ನಾವೂ ಗೆದ್ದಿಲ್ಲ" ಅಂದ. ಅಣ್ಣ ಹಲ್ಲು ಕಚ್ಚಿಕೊಂಡು ತಳ್ಳಿದ, ಆದರೆ ತಳ್ಳಿದ. ಈಗ ಜೋಡಿಯ ಮೂತಿ ಬಾಗಿಲ ಕಡೆ, ತಗ್ಗಿನಲ್ಲಿ. ಲೇತ್ ಮಾವನನ್ನು ಕೂಗಿ ಕರೆದು, ಹೊಸ ಹಾಳೆ ಹಾಸಿ, ಅಂಕಿ ಬರೆದು, ಪಂಪು ಒತ್ತಿದೆ. ಹಮಾಲಿಗಳೂ ಕುರ್ಚಿ ಇಳಿಸುವುದು ಬಿಟ್ಟು, ಅದೇ ಕುರ್ಚಿಗಳ ಮೇಲೆ ಕೂತು ನೋಡುತ್ತಿದ್ದರು.

ನಾಲ್ಕು ಒಣ!

ಒಂದರ ಮೇಲೆ ಹಸಿರು ಹನಿ!

ನಾನು ಕೂಗಿದ ಕೂಗಿಗೆ ಗುಬ್ಬಿಗಳು ಮತ್ತೆ ಹಾರಿದವು. ಇದರ ಅರ್ಥ ನಾನು ಅಂದುಕೊಂಡದ್ದೇ ಅಲ್ಲವಾ? ಹೇಳು, ಬೇಗ ಹೇಳು.

ಗೋಲಿ


ಫೆಬ್ರವರಿ ೨೦

ಗೋಲಿ,

ನಾನೊಬ್ಬ ಪೆದ್ದ. ಆ ನೆಲಕ್ಕೆ ಗಾರೆ ಹಾಕಿದವನು ನಾನು. ತೊಳೆದ ನೀರು ಬಾಗಿಲಿಗೆ ಹರಿಯಲಿ ಅಂತ ದಾರ ಕಟ್ಟಿ, ಅಳತೆ ನೋಡಿ, ಇಳಿಜಾರು ಕೊಟ್ಟವನು ನಾನು. ನಿನ್ನ ಗೋಲಿಗಳನ್ನು ಮೋರಿಯಿಂದ ತೆಗೆದವನೂ ನಾನೇ. ಒಂದೇ ಮಗ್ಗುಲು ಒದ್ದೆ ಅಂತ ನೀನು ಸ್ಪಷ್ಟವಾಗಿ ಬರೆದಿದ್ದೆ. ಓದಿಯೂ ಬಿಟ್ಟೆ.

ನೀನು ಅಂದುಕೊಂಡದ್ದೇ ಸರಿ. ಗಾಡಿ ತಿರುಗಿಸಿದರೆ ಲೈನರ್ ತನ್ನ ಜಾಗ ಬದಲಿಸುವುದಿಲ್ಲ. ನೀರು ಬದಲಿಸಿತು ಅಂದರೆ ಅದು ಮೇಲೆ ಒಂದು ಅಟ್ಟದ ಮೇಲೆ ಬಿದ್ದು, ಇಳಿಜಾರು ಹಿಡಿದು, ತೂತು ಸಿಕ್ಕಲ್ಲಿ ಇಳಿಯುತ್ತಿದೆ. ಆ ಅಟ್ಟ ಎಲ್ಲಿದೆ ಅಂತ ನನಗೆ ಗೊತ್ತು. ಬ್ಲಾಕಿನ ಪಕ್ಕದಲ್ಲಿ ಉದ್ದನೆಯ ತಗಡಿನ ಬಾಗಿಲು ಇದೆ, ವಾಲ್ವ್ ಎತ್ತುವ ಕಡ್ಡಿಗಳು ಅದರೊಳಗೆ. ಅದನ್ನು ಬಿಚ್ಚು. ಎರಕ ಹೊಯ್ದಾಗ ಒಳಗಿನ ಮರಳು ತೆಗೆಯಲು ಬ್ಲಾಕಿಗೆ ತೂತುಗಳನ್ನು ಬಿಟ್ಟು, ಆಮೇಲೆ ಬಟ್ಟಲಿನಂಥ ತಗಡಿನ ಬಿಲ್ಲೆ ಬಡಿದು ಮುಚ್ಚಿರುತ್ತಾರೆ. ಹೊರಗಿನ ಬಿಲ್ಲೆ ಸೋರಿದರೆ ಎಲ್ಲರಿಗೂ ಕಾಣುತ್ತದೆ. ಈ ಇಂಜಿನ್ನಿನಲ್ಲಿ ಒಂದು ಬಿಲ್ಲೆ ಒಳಗಿದೆ. ನೀರು ಆಚೆ, ಎಣ್ಣೆ ಈಚೆ, ನಡುವೆ ಅದೊಂದೇ. ಅದಾಗಿದ್ದರೆ ಹೆಡ್ ಬಿಚ್ಚಬೇಕಾಗಿಲ್ಲ, ಲೈನರ್ ಮುಟ್ಟಬೇಕಾಗಿಲ್ಲ. ಬ್ಲಾಕ್ ಬಂಗಾರದ ಹಾಗಿದೆ!

ನೀರು ಪೂರ್ತಿ ತೆಗೆದು ಬರೀ ಗಾಳಿ ಒತ್ತು. ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಇಟ್ಟು, ತುದಿಯನ್ನು ಅಲ್ಲಲ್ಲಿ ತಾಗಿಸಿ ಕೇಳು. ಆಮೇಲೆ ಸೋಪಿನ ನೊರೆ ಸವರು, ಕಣ್ಣಿಗೂ ಕಾಣಲಿ. ಸದ್ದು ಬರಿ. ಬೇರೆ ಏನನ್ನು ಬಿಟ್ಟರೂ ಸದ್ದು ಬಿಡಬೇಡ.

ನಿನಗೆ ಒಂದು ವಿಷಯ ಹೇಳಬೇಕು. ನಿನ್ನ ಕಾಗದ ಓದಿದ ಮೇಲೆ ಕೂರಲಾಗಲಿಲ್ಲ. ನಿನ್ನತ್ತೆ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಮರದ ಸೌಟಿನ ಒಂದು ತುದಿಯನ್ನು ಮಿಷನ್ನಿಗೆ ಒತ್ತಿ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಗೋಲಿ, ದವಡೆಯೊಳಗೆ ಅದರ ನಡಿಗೆ ಬಂತು. ಒಂದೊಂದು ಹೊಲಿಗೆಯೂ ಬಂತು. ಕೆಳಗಿನ ದಾರದ ಪೆಟ್ಟಿಗೆ ಸಡಿಲವಾಗಿದೆ ಅಂತಲೂ ಗೊತ್ತಾಯಿತು. ಬಿಚ್ಚಿ ನೋಡಿದರೆ ನಿಜವಾಗಿಯೂ ಸಡಿಲವಾಗಿತ್ತು!

ಅಪ್ಪ

ಗೋಲಿ, ಅತ್ತೆ. ನನ್ನ ಒಳ್ಳೇ ಸೌಟಿನ ಮೇಲೆ ಹಲ್ಲಿನ ಗುರುತು. ಈಗ ಮನೇಲಿ ಒಂದು ವಸ್ತು ಬಿಟ್ಟಿಲ್ಲ, ಫ್ಯಾನು, ನಲ್ಲಿ, ಪಕ್ಕದ ಮನೆ ಸ್ಕೂಟರು, ಎಲ್ಲಕ್ಕೂ ಸೌಟು ಕಚ್ಚಿಕೊಂಡು ಹೋಗ್ತಾನೆ. ಸ್ಕೂಟರಿನವರು ಹೆದರಿ ಗಾಡಿನ ಬೇರೆ ಕಡೆ ನಿಲ್ಲಿಸ್ತಾ ಇದ್ದಾರೆ.


ಫೆಬ್ರವರಿ ೨೫

ಅಪ್ಪಾ,

ಸಿಕ್ಕಿತು.

ಸದ್ದಿನಿಂದಲೇ ಶುರು ಮಾಡುತ್ತೇನೆ. ಪಕ್ಕದ ತಗಡು ತೆಗೆದು, ಗಾಳಿ ಒತ್ತಿ, ಸ್ಕ್ರೂಡ್ರೈವರ್ ಕಿವಿಗೆ ಇಟ್ಟೆ. ಹಿಂದಿನ ತುದಿಯಲ್ಲಿ ಏನೂ ಇಲ್ಲ, ಮುಚ್ಚಿದ ಕೋಣೆಯ ಮೌನ. ನಡುವೆ ಎಲ್ಲೋ ದೂರದಲ್ಲಿ ಯಾರೋ ನಿದ್ದೆ ಮಾಡಿದ ಹಾಗೆ. ಮುಂದಕ್ಕೆ ಬಂದ ಹಾಗೆ ಆ ಉಸಿರು ಹತ್ತಿರವಾಯಿತು. ಬಿಲ್ಲೆಯ ಅಂಚಿಗೆ ತಾಗಿಸಿದೆ ನೋಡು, ಅತ್ತೆ ಸೂಜಿಗೆ ದಾರ ಪೋಣಿಸುವಾಗ ಹಲ್ಲಿನ ಸಂದಿಯಿಂದ ಉಸಿರು ಎಳೆಯುತ್ತಾರಲ್ಲ, ಸಣ್ಣಗೆ, ಬಿಡದೆ, ಸ್ಸ್ಸ್ ಅಂತ, ಅದೇ. ಒಂದು ಸಲ ಕೇಳಿದರೆ ಮತ್ತೆಲ್ಲೂ ತಪ್ಪಿ ತಿಳಿಯಲು ಸಾಧ್ಯವಿಲ್ಲ. ನೊರೆ ಸವರಿದೆ. ದ್ರಾಕ್ಷಿ ಗೊಂಚಲಿನ ಹಾಗೆ ಗುಳ್ಳೆ ಎದ್ದವು. ಲೇತ್ ಮಾವ ಸ್ಕ್ರೂಡ್ರೈವರಿನ ತುದಿಯಿಂದ ಬಿಲ್ಲೆಯನ್ನು ಮೆಲ್ಲಗೆ ತಟ್ಟಿದರು, ಒಣಗಿದ ಎಲೆಯ ಹಾಗೆ ತೂತಾಯಿತು. ಇಷ್ಟಕ್ಕಾಗಿ ಇಡೀ ಗಾಡಿ ಗುಜರಿಗೆ ಹೋಗುತ್ತಿತ್ತು!

ಮಾವ ಲೇತಿನಲ್ಲಿ ಹಿತ್ತಾಳೆಯ ಹೊಸ ಬಿಲ್ಲೆ ಕಡೆದುಕೊಟ್ಟರು. ಅಂಚಿಗೆ ಅಂಟು ಸವರಿ ಬಡಿದು ಕೂರಿಸಿದೆವು. ಬಡಿದವಳು ನಾನು. ಅಂಟು ಒಣಗಲು ಬಿಟ್ಟು, ಮರುದಿನ ನೀರು ತುಂಬಿ, ಪಂಪು ಒತ್ತಿ, ಹಾಳೆ ಹಾಸಿ, ಹೊರಗಿನಿಂದ ಬಾಗಿಲು ಹಾಕಿಕೊಂಡು ನಾನು ಪ್ರೆಸ್ಸಿಗೆ ಹೋದೆ. ಇಡೀ ದಿನ ಒಂದು ತಪ್ಪೂ ಕಣ್ಣಿಗೆ ಬೀಳಲಿಲ್ಲ, ಲೇಖಕರ ಪುಣ್ಯ. ಸಂಜೆ ಬಂದು ನೋಡಿದರೆ ನಾಲ್ಕು ಹಾಳೆಗಳೂ ಬಿಸಿಲಿಗೆ ಹಾಕಿದ ಬಟ್ಟೆಯ ಹಾಗೆ ಒಣಗಿದ್ದವು. ತೊಟ್ಟಿ ಏರಿಸಿ, ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿದ್ದೇವೆ.

ಅಣ್ಣ ಬಂದು ಹಾಳೆಗಳನ್ನು ಒಂದೊಂದಾಗಿ ಎತ್ತಿ ಮೂಗಿನ ಹತ್ತಿರ ಹಿಡಿದು ನೋಡಿದ. "ಬದಲಾಯಿಸಿ ಇಟ್ಟಿಲ್ಲ ತಾನೇ?" ಅಂದ. ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದು, ಮಡ್‌ಗಾರ್ಡಿನ ಧೂಳನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದ. ಕುರ್ಚಿಗಳಿಗೆ ಬೇರೆ ಜಾಗ ಇನ್ನೂ ಸಿಕ್ಕಿಲ್ಲ, ಅವೆಲ್ಲ ಈಗ ನಮ್ಮ ಹಜಾರದಲ್ಲಿವೆ. ಮನೆಗೆ ಬಂದವರಿಗೆ ಕೂರಲು ಬೇಕಾದಷ್ಟು ಅನುಕೂಲ, ನಡೆಯಲು ಮಾತ್ರ ದಾರಿಯಿಲ್ಲ. ಅತ್ತಿಗೆ ಅಣ್ಣನ ಜೊತೆ ಮಾತು ಬಿಟ್ಟಿದ್ದಾರೆ.

ಇನ್ನೂ ಸ್ಟಾರ್ಟ್ ಮಾಡಿಲ್ಲ. ಕೀಲಿಯನ್ನು ನಿನ್ನ ಹಳೆಯ ಮೊಳೆಗೆ ತೂಗಿಹಾಕಿದ್ದೇನೆ. ಸ್ಪ್ಯಾನರ್ ಪೆಟ್ಟಿಗೆಯನ್ನು ಲೇತ್ ಮಾವ ವಾಪಸ್ಸು ಒಯ್ಯದೆ ಇಲ್ಲೇ ಬಿಟ್ಟು ಹೋದರು. ಮರೆತೆ ಅಂದರು.

ಗೋಲಿ


ಫೆಬ್ರವರಿ ೨೮

ಗೋಲಿ,

ಸ್ಟಾರ್ಟ್ ಮಾಡಬೇಡ. ಈ ಕಾಗದ ಕೈಸೇರುವ ಹೊತ್ತಿಗೆ ಮಾಡಿದ್ದರೆ, ಮಾಡಿಲ್ಲ ಅಂತ ಸುಳ್ಳು ಹೇಳು.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ನಿಲ್ದಾಣಕ್ಕೆ ಯಾರೂ ಬರಬೇಕಾಗಿಲ್ಲ, ಹೋಗಿರುವುದು ಕಿವಿ, ದಾರಿ ಅಲ್ಲ. ವಾಪಸ್ಸು ಬರುವುದು ಯಾವಾಗ ಅಂತ ನಿನ್ನತ್ತೆ ಕೇಳಿದಳು. ಕೇಳಿಸಲಿಲ್ಲ ಅಂದೆ. ಅವಳು ನಕ್ಕು, ಹಲ್ಲಿನ ಗುರುತಿನ ಸೌಟನ್ನೂ ಚೀಲಕ್ಕೆ ಹಾಕಿದಳು.

ಗಾಡಿಯ ಮೂತಿ ಬಾಗಿಲ ಕಡೆಗೇ ಇರಲಿ, ಮತ್ತೆ ತಿರುಗಿಸಬೇಡಿ. ನೆಲವನ್ನು ಸಮ ಮಾಡಿಸೋಣ ಅಂತ ನಿನ್ನಣ್ಣ ಹೊರಟರೆ ತಡೆ. ಅದು ಹಾಗೇ ಇರಬೇಕು. ಆ ಬೇರಿಂಗ್ ಗುಂಡು ಇನ್ನೂ ಮೋರಿಯಲ್ಲೇ ಇದೆಯಾ? ನೀನು ಕೈ ಹಾಕಬೇಡ, ನಾನು ಬಂದು ತೆಗೆಯುತ್ತೇನೆ.

ಸ್ಟಾರ್ಟ್ ಮಾಡುವವಳು ನೀನು. ಮೊದಲು ಎಣ್ಣೆ ನೋಡು, ಆಮೇಲೆ ಕೀಲಿ. ನಾನು ಬ್ಲಾಕಿಗೆ ಸೌಟು ಒತ್ತಿ ಕಚ್ಚಿಕೊಂಡಿರುತ್ತೇನೆ. ಆಗ ಯಾರೂ ಏನೂ ಕೇಳಬೇಡಿ, ಬಾಯಿಗೆ ಬಿಡುವಿರುವುದಿಲ್ಲ.

ಒಂದು ಪೆನ್ನು, ನಿನ್ನ ಪ್ರೂಫಿನ ಹಾಳೆ ನಾಲ್ಕು ಇಟ್ಟಿರು. ಸದ್ದು ಹೇಗಿದೆ ಅಂತ ಈ ಸಲ ನಾನು ಬರೆದು ಕೊಡುತ್ತೇನೆ. ನೀನು ತಿದ್ದು.

ಅಪ್ಪ